ಎಸ್ಟೇಟ್ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಮಗುವನ್ನು ದತ್ತು ಕೊಡುತ್ತಾರೆಯೇ?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ನನಗೆ 41 ವರ್ಷ, ಹೆಂಡತಿಗೆ 38. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲ. ತೋಟದವರು ಕೊಟ್ಟ ಕ್ವಾರ್ಟರ್ಸ್‌ನಲ್ಲಿ ಅಮ್ಮನೂ ಸೇರಿ ಮೂವರಿದ್ದೇವೆ. ದತ್ತು ಅರ್ಜಿ ಹಾಕಿದರೆ ಮನೆ ನೋಡಲು ಬರುತ್ತಾರಂತೆ. ಸ್ವಂತ ಮನೆಯಿಲ್ಲವೆಂದು ಬೇಡ ಎಂದುಬಿಟ್ಟರೆ?

ಉತ್ತರ: ಸ್ವಂತ ಮನೆ ಇರಬೇಕೆಂದು 2022ರ ದತ್ತು ನಿಯಮಾವಳಿ ಎಲ್ಲಿಯೂ ಹೇಳುವುದಿಲ್ಲ. ಮಗುವನ್ನು ಸಾಕುವಷ್ಟು ಆದಾಯ, ಗಂಡ ಹೆಂಡಿರ ಆರೋಗ್ಯ, ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ, ಇವನ್ನು ಕೇಳುತ್ತದೆ. ನಿಮ್ಮಿಬ್ಬರ ವಯಸ್ಸು ಕೂಡಿದರೆ 79. ಮೊತ್ತ 85 ದಾಟದ ದಂಪತಿಗೆ ಎರಡು ವರ್ಷದೊಳಗಿನ ಮಗುವನ್ನು ಪಡೆಯಲೂ ಅರ್ಹತೆ ಇದೆ.

ಆನ್‌ಲೈನ್ ನೋಂದಣಿ ಮಾಡಿ ದಾಖಲೆ ಕೊಟ್ಟ ಮೇಲೆ ಸಮಾಜ ಕಾರ್ಯಕರ್ತರು ಗೃಹ ಅಧ್ಯಯನಕ್ಕೆ, ಅಂದರೆ ಮನೆಯನ್ನೂ ಮನೆಯವರನ್ನೂ ನೋಡಿ ವರದಿ ಬರೆಯಲು, ಬರುತ್ತಾರೆ. ವಧುಪರೀಕ್ಷೆಗೆ ಬಂದವರೆಂಬಂತೆ ಗೋಡೆಗೆ ಸುಣ್ಣ ಬಳಿಸಿ, ಕೇಸರಿಬಾತ್ ಮಾಡಿ ಕಾಯುವವರಿದ್ದಾರೆ. ಬೇಕಿಲ್ಲ. ನೀರು, ಶೌಚಾಲಯ, ಮಗು ಸುರಕ್ಷಿತವಾಗಿ ಓಡಾಡುವಷ್ಟು ಜಾಗ, ಹತ್ತಿರದ ಶಾಲೆ, ಆಸ್ಪತ್ರೆ ಇವನ್ನು ಗಮನಿಸುತ್ತಾರೆ ನಿಜ. ತೋಟದ ಮನೆಯಾದ್ದರಿಂದ ಕೀಟನಾಶಕದ ಡಬ್ಬಗಳನ್ನು ಎಲ್ಲಿಡುತ್ತೀರಿ ಎಂದು ಕೇಳಿದರೂ ಆಶ್ಚರ್ಯವಿಲ್ಲ.

ಹೆಚ್ಚು ಹೊತ್ತು ಹೋಗುವುದು ಮಾತುಕತೆಗೆ. ದತ್ತು ಬೇಕೆಂಬುದು ಇಬ್ಬರ ಆಸೆಯೋ, ಒಬ್ಬರ ಒತ್ತಾಯವೋ? ಮಕ್ಕಳಾಗಲಿಲ್ಲವೆಂಬ ನೋವನ್ನು ಹೇಗೆ ನುಂಗಿಕೊಂಡಿರಿ? ದತ್ತು ಮಗುವೆಂಬ ಸತ್ಯವನ್ನು ಅದಕ್ಕೆ ಯಾವಾಗ, ಹೇಗೆ ಹೇಳುತ್ತೀರಿ? ‘ಹೇಳುವುದೇ ಇಲ್ಲ’ ಎಂಬ ಉತ್ತರ ನಮ್ಮ ಕಡೆ ಬಹಳ ಸಾಮಾನ್ಯ. ಲೈನ್ ಮನೆಗಳ ಸಾಲಿನಲ್ಲಿ ಗುಟ್ಟು ಎಷ್ಟು ದಿನ ಉಳಿಯುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು!

ಕ್ವಾರ್ಟರ್ಸ್‌ಗಿಂತ ನಿಮ್ಮ ತಾಯಿಯ ಬಗ್ಗೆ ಯೋಚಿಸಿ ಎನ್ನುತ್ತೇನೆ. ನೀವಿಬ್ಬರೂ ಕೆಲಸದಲ್ಲಿರುವಾಗ ಮಗು ಅವರ ಮಡಿಲಲ್ಲೇ ಇರುತ್ತದೆ. ಜಾತಿ ಯಾವುದೋ, ಯಾರ ರಕ್ತವೋ ಎಂಬ ಕೊರಗು ಅವರಲ್ಲಿದ್ದರೆ ಈಗಲೇ ಮಾತಾಡಿ. ಬಂದವರು ಅವರನ್ನೂ ಮಾತಾಡಿಸುತ್ತಾರೆ. ಹೇಳಿಕೊಟ್ಟ ಉತ್ತರ ಅನುಭವಸ್ಥರಿಗೆ ಬೇಗ ತಿಳಿದುಬಿಡುತ್ತದೆ.

ದತ್ತು ಪಡೆಯದೆ, ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಡಿ ಮಗುವನ್ನು ಸಾಕಲು ಮುಂದಾದರೂ ಗೃಹ ಅಧ್ಯಯನ ಇದ್ದೇ ಇದೆ. ಅದರ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ದತ್ತು ಆದೇಶವನ್ನು ಈಗ ಜಿಲ್ಲಾಧಿಕಾರಿಗಳೇ ನೀಡುತ್ತಾರೆ. ಮೊದಲು ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಗೃಹ ಅಧ್ಯಯನ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಸರದಿ ಬರಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ತೋಟ ಬದಲಾಯಿಸಿದರೆ ಹೊಸ ವಿಳಾಸವನ್ನೂ ಸಂಬಳವನ್ನೂ ತಿಳಿಸಲು ಮರೆಯಬೇಡಿ.