‘ನಾನು ಸಣ್ಣಗಿದೀನಿ, ನಂಗೆ ಹೇಗೆ ಶುಗರ್ ಬಂತು?’ – ಇದಕ್ಕೆ ಒಂದ್ಸಲ ಪೂರ್ತಿ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ ವಯಸ್ಸು 38, ಎತ್ತರ 5 ಅಡಿ 6 ಇಂಚು, ತೂಕ ಬರೀ 59 ಕೆಜಿ. ಆಫೀಸಿನ ಹೆಲ್ತ್ ಚೆಕಪ್ಪಲ್ಲಿ ಶುಗರ್ ಇದೆ ಅಂದ್ರು. ನಾನು ಜೀವನದಲ್ಲಿ ದಪ್ಪ ಆದವನೇ ಅಲ್ಲ, ಸ್ವೀಟೂ ಅಷ್ಟಕ್ಕಷ್ಟೆ. ಲ್ಯಾಬಿನವರು ಏನಾದ್ರೂ ತಪ್ಪು ಮಾಡಿರಬಹುದಾ?

ಉತ್ತರ: ಲ್ಯಾಬಲ್ಲಿ ತಪ್ಪಾಗೋದು ಇದ್ದಿದ್ದೇ, ಅದಕ್ಕೇ ಲಕ್ಷಣ ಏನೂ ಇಲ್ಲದವರಿಗೆ ಒಂದೇ ರಿಪೋರ್ಟ್ ನೋಡಿ ಯಾವ ಡಾಕ್ಟ್ರೂ ಶುಗರ್ ಅಂತ ಹಣೆಪಟ್ಟಿ ಕಟ್ಟಬಾರದು. ಇನ್ನೊಂದ್ಸಲ ಮಾಡಿಸಿ. ಖಾಲಿ ಹೊಟ್ಟೇಲಿ 126 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲಾಂದ್ರೆ ಎಚ್‌ಬಿಎ1ಸಿ ಅಂತೀವಲ್ಲ ಆ ಮೂರು ತಿಂಗಳ ಸರಾಸರಿ 6.5 ಅಥವಾ ಮೇಲೆ, ಎರಡನೇ ಸಲಾನೂ ಹಾಗೇ ಬಂದ್ರೆ ಶುಗರ್ ಇದೆ, ಅಷ್ಟೇ. ನಿಮ್ಮ ತೂಕಕ್ಕೂ ಆ ರಿಪೋರ್ಟ್ ಸರೀನೋ ತಪ್ಪೋ ಅನ್ನೋದಕ್ಕೂ ಸಂಬಂಧ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದ್ರೆ ಈ ಪ್ರಶ್ನೆ ಎಷ್ಟು ಸಲ ಬರುತ್ತೆ ಅಂದ್ರೆ, ಓಪಿಡಿಲಿ ಕೇಳ್ತಾರೆ, ಮದುವೆ ಮನೇಲಿ ಊಟದ ಪಂಕ್ತೀಲಿ ಪಕ್ಕದಲ್ಲಿ ಕೂತವರು ಕೇಳ್ತಾರೆ, ಫೋನ್ ಮಾಡಿ ಕೇಳ್ತಾರೆ, ನಾನು ಅರ್ಧ ಉತ್ತರ ಹೇಳ್ತೀನಿ, ಅವರು ಅರ್ಧ ಕೇಳಿಸ್ಕೊಂಡು ‘ಹಾಗಾದ್ರೆ ಟೆನ್ಷನ್ನಿಂದ ಬಂದಿರಬೇಕು’ ಅಂತ ತಾವೇ ತೀರ್ಮಾನ ಮಾಡ್ಕೊಂಡು ಹೋಗ್ತಾರೆ. ಇದರಿಂದ ಆಗೋ ನಷ್ಟ ಸಣ್ಣದಲ್ಲ. ಸಣ್ಣಗಿರೋರು ಟೆಸ್ಟೇ ಮಾಡಿಸಲ್ಲ, ಮಾಡಿಸಿ ಶುಗರ್ ಬಂದ್ರೂ ನಂಬಲ್ಲ, ನಂಬೋ ಹೊತ್ತಿಗೆ ಕಣ್ಣಿನ ರೆಟಿನಾನೋ ಕಿಡ್ನಿನೋ ಪೆಟ್ಟು ತಿಂದಿರುತ್ತೆ. ಅದಕ್ಕೇ ‘ಶುಗರ್ ಅಂದ್ರೆ ದಪ್ಪ ಇರೋರ ಕಾಯಿಲೆ’ ಅನ್ನೋ ನಂಬಿಕೆಯನ್ನ ಇವತ್ತು ಬುಡದಿಂದ ಅಲ್ಲಾಡಿಸೋಣ.

ಮೊದಲು ತೂಕದ ವಿಷಯ. ನಿಮ್ಮ ಎತ್ತರ ತೂಕ ಹಾಕಿದ್ರೆ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಅಂಕಿ, 21 ಬರುತ್ತೆ, ಚಾರ್ಟಲ್ಲಿ ನೋಡಿದ್ರೆ ಹಸಿರು ಬಣ್ಣದ ನಟ್ಟನಡುವೆ ಇದೀರ. ಆದ್ರೆ ಬಿಎಂಐಗೆ ಗೊತ್ತಿರೋದು ಒಟ್ಟು ಎಷ್ಟು ಕೆಜಿ ಅನ್ನೋದು ಮಾತ್ರ. ಅದರಲ್ಲಿ ಮಸಲ್ ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಅಂತ ಅದಕ್ಕೆ ಗೊತ್ತಿಲ್ಲ. ಇದನ್ನ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತೆ ಲಂಡನ್ನಿನ ಡಾ. ಯುಡ್ಕಿನ್ ತಮ್ಮ ಮೈಯನ್ನೇ ಉದಾಹರಣೆ ಮಾಡಿ ತೋರಿಸಿದ್ರು. 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಇಬ್ಬರದೂ ಫೋಟೋ ಬಂತು, ಅಕ್ಕಪಕ್ಕ ನಿಂತಿದಾರೆ, ಇಬ್ಬರ ಬಿಎಂಐನೂ 22.3, ಆದ್ರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಮೊದಲು ತೋರಿಸೋದೇ ಈ ಫೋಟೋ, ಇದನ್ನ ನೋಡಿದವರು ಆಮೇಲೆ ಬರೀ ತೂಕದ ಮಷಿನ್ ನಂಬಲ್ಲ.

ಈಗ ಆ ಕೊಬ್ಬು ಎಲ್ಲಿರುತ್ತೆ ಅನ್ನೋದಕ್ಕೆ ಬನ್ನಿ, ಅಸಲಿ ಕತೆ ಇರೋದು ಅಲ್ಲೇ. ಕೊಬ್ಬು ಇಡೋಕೆ ಅಂತಾನೇ ದೇಹದಲ್ಲಿ ಜಾಗ ಇದೆ, ಚರ್ಮದ ಕೆಳಗೆ, ತೊಡೆ ಸೊಂಟದ ಸುತ್ತ. ಅಲ್ಲಿ ಇದ್ದಷ್ಟು ದಿನ ಅದು ಹೆಚ್ಚು ತೊಂದರೆ ಕೊಡಲ್ಲ. ಹಳೇ ಮನೆಗಳಲ್ಲಿ ಅಟ್ಟ ಇರುತ್ತಲ್ಲ, ಅಟ್ಟ ದೊಡ್ಡದಿದ್ರೆ ಎಷ್ಟು ಮೂಟೆ ಬಂದ್ರೂ ಮೇಲೆ ಹೋಗುತ್ತೆ, ಚಿಕ್ಕದಿದ್ರೆ ನಾಲ್ಕು ಮೂಟೆಗೇ ಭರ್ತಿಯಾಗಿ ಮಿಕ್ಕಿದ್ದು ನಡುಮನೇಲಿ, ಅಡುಗೆಮನೇಲಿ ಕೂರುತ್ತೆ, ಓಡಾಡೋಕೇ ಆಗಲ್ಲ. ನಮ್ಮ ಕಡೆಯವರಲ್ಲಿ ಬಹಳ ಜನಕ್ಕೆ ಈ ಅಟ್ಟ ಚಿಕ್ಕದು. ಅಲ್ಲಿ ಹಿಡಿಸದೇ ಇದ್ದ ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ, ಲಿವರ್ ಒಳಗೆ, ಕೊನೆಗೆ ಪ್ಯಾಂಕ್ರಿಯಾಸಿಗೂ ಸೇರ್ಕೊಳ್ಳುತ್ತೆ. ಲಿವರಲ್ಲಿ ಕೊಬ್ಬು ತುಂಬಿದ್ರೆ ಅದು ಇನ್ಸುಲಿನ್, ಅಂದ್ರೆ ರಕ್ತದಲ್ಲಿನ ಶುಗರ್ ಇಳಿಸೋ ಹಾರ್ಮೋನಿನ ಮಾತು ಕೇಳೋದು ಬಿಡುತ್ತೆ, ನೀವು ಏನೂ ತಿನ್ನದೇ ಇದ್ರೂ ರಾತ್ರಿಯಿಡೀ ರಕ್ತಕ್ಕೆ ಗ್ಲೂಕೋಸ್ ಬಿಡ್ತಾನೇ ಇರುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಶುಗರ್ ಜಾಸ್ತಿ ಬರೋದು ಇದರಿಂದಾನೇ, ಹಿಂದಿನ ರಾತ್ರಿ ತಿಂದ ಒಂದು ಜಿಲೇಬಿಯಿಂದ ಅಲ್ಲ. ಪ್ಯಾಂಕ್ರಿಯಾಸಿಗೂ ಕೊಬ್ಬು ಸೇರಿದ್ರೆ ಇನ್ಸುಲಿನ್ ಮಾಡೋ ಬೀಟಾ ಕೋಶಗಳು ಕೆಲಸ ನಿಧಾನ ಮಾಡ್ತವೆ, ಆವಾಗ ಶುಗರ್ ಏರಿ ಕೂರುತ್ತೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಪ್ರೊ. ರಾಯ್ ಟೇಲರ್ ಇದನ್ನ ಬಹಳ ಸ್ಪಷ್ಟವಾಗಿ ಹೇಳ್ತಾರೆ: ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕೊಬ್ಬಿನ ಮಿತಿ ಇರುತ್ತೆ, ಅದನ್ನ ದಾಟಿದ್ರೆ ಶುಗರ್, ಆ ಮಿತಿ ಒಬ್ಬರಿಗೆ 100 ಕೆಜೀಲಿ ಇರಬಹುದು, ಇನ್ನೊಬ್ಬರಿಗೆ 58ರಲ್ಲೇ ಇರಬಹುದು. ‘ನಮ್ಮ ಸೋದರಮಾವ 95 ಕೆಜಿ ಇದಾರೆ, ಅವರಿಗೆ ಏನೂ ಇಲ್ಲ, ನಂಗ್ಯಾಕೆ’ ಅಂತ ವಾದ ಮಾಡ್ತೀರಲ್ಲ, ಅದಕ್ಕೆ ಉತ್ತರ ಇದು. ಅವರ ಮಿತಿ ಅವರದು, ನಿಮ್ಮ ಮಿತಿ ನಿಮ್ಮದು, ನೀವು ನಿಮ್ಮದನ್ನ ದಾಟಿದೀರ.

ಇನ್ನೊಂದು ಕಡೆ ಮಸಲ್ ಇದೆ, ಇದರ ಬಗ್ಗೆ ಯಾರೂ ಕೇಳೋದೇ ಇಲ್ಲ. ಊಟ ಆದ್ಮೇಲೆ ರಕ್ತಕ್ಕೆ ಬರೋ ಗ್ಲೂಕೋಸ್‌ನಲ್ಲಿ ದೊಡ್ಡ ಪಾಲು ಹೋಗಬೇಕಾಗಿರೋದು ಮಸಲ್‌ಗೆ. ಕೈಕಾಲು ಕಡ್ಡಿ ಥರ ಇದ್ದು ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿರೋ ಮೈಕಟ್ಟು, ಶರ್ಟ್ ಹಾಕಿದ್ರೆ ಗೊತ್ತೇ ಆಗಲ್ಲ, ‘ಒಳ್ಳೆ ಸ್ಲಿಮ್ ಆಗಿದಾನೆ’ ಅಂತಾರೆ, ಆದ್ರೆ ಶುಗರ್ ವಿಷಯದಲ್ಲಿ ಅದು ಒಳ್ಳೆ ಮೈಕಟ್ಟಲ್ಲ. ಟೇಪ್ ತಗೊಂಡು ಹೊಕ್ಕುಳ ಹತ್ರ ಸುತ್ತಳತೆ ನೋಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80, ಅದನ್ನ ದಾಟಿದ್ರೆ ತೂಕ ಎಷ್ಟೇ ಇರಲಿ ಎಚ್ಚರ ಆಗ್ಬೇಕು. ಪ್ಯಾಂಟಿನ ಸೈಜ್ ನಂಬಬೇಡಿ, ಗಂಡಸರು ಪ್ಯಾಂಟನ್ನ ಹೊಟ್ಟೆ ಕೆಳಗೆ ಕಟ್ತಾರೆ.

ನಾನು ಹೇಳ್ತಿರೋದು ಒಬ್ಬಿಬ್ಬರ ಕತೆ ಅಲ್ಲ. ಇಂಗ್ಲೆಂಡಿನಲ್ಲಿ ಸುಮಾರು 14 ಲಕ್ಷ 70 ಸಾವಿರ ಜನರ ದಾಖಲೆ ಇಟ್ಕೊಂಡು 2021ರಲ್ಲಿ ಒಂದು ಲೆಕ್ಕ ಹಾಕಿದ್ರು. ಅಲ್ಲಿನ ಬಿಳಿಯರಿಗೆ ಬಿಎಂಐ 30ರಲ್ಲಿ ಶುಗರ್ ಬರೋ ಅಪಾಯ ಎಷ್ಟಿದೆಯೋ, ನಮ್ಮ ಉಪಖಂಡದ ಮೂಲದವರಿಗೆ ಅಷ್ಟೇ ಅಪಾಯ 23.9ಕ್ಕೇ ಬರುತ್ತೆ. ಅದೇ ದೇಶ, ಅದೇ ಆಸ್ಪತ್ರೆಗಳು, ಆದ್ರೂ ಆರು ಪಾಯಿಂಟ್ ವ್ಯತ್ಯಾಸ. ಅದಕ್ಕೇ ನಮಗೆ 25 ಅಲ್ಲ, 23 ದಾಟಿದ್ರೇನೇ ತೂಕ ಜಾಸ್ತಿ ಅಂತ ಲೆಕ್ಕ. ಇಲ್ಲಿ ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನೋ ಶುಗರ್ ಸರ್ವೆ 2023ರಲ್ಲಿ ಹೇಳಿದ್ದು, ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ, ಇನ್ನು 13 ಕೋಟಿಗಿಂತ ಜಾಸ್ತಿ ಜನ ಅದರ ಹೊಸ್ತಿಲಲ್ಲಿ ಇದಾರೆ. ಅದೇ ಸರ್ವೇಲಿ ಬಿಎಂಐ ಪ್ರಕಾರ ಬೊಜ್ಜು ಇರೋರು ಶೇ. 28.6, ಹೊಟ್ಟೆ ಬೊಜ್ಜು ಇರೋರು ಶೇ. 39.5. ಈ ಎರಡು ಅಂಕಿಗಳ ಮಧ್ಯೆ ಇರೋ ಜನಾನೇ ‘ನಾನು ದಪ್ಪ ಇಲ್ವಲ್ಲ’ ಅಂತ ನಿಶ್ಚಿಂತೆಯಾಗಿ ಇರೋರು.

ಹಾಗಾದ್ರೆ ಇರೋ 59 ಕೆಜೀಲೂ ಇಳಿಸಬೇಕಾ ಅಂತ ನೀವು ಕೇಳೇ ಕೇಳ್ತೀರ. ಹೊಟ್ಟೆ ಇದ್ರೆ, ಲಿವರಲ್ಲಿ ಕೊಬ್ಬಿದೆ ಅಂತ ಸ್ಕ್ಯಾನಿಂಗಲ್ಲಿ ಬಂದಿದ್ರೆ, ಸ್ವಲ್ಪ ಇಳಿಸೋದ್ರಿಂದ ಲಾಭ ಇದೆ. ಟೇಲರ್ ಅವರ ತಂಡ ದಪ್ಪ ಇಲ್ಲದ 20 ಜನ ಶುಗರ್ ರೋಗಿಗಳಿಗೆ ತೂಕ ಇಳಿಸಿ ನೋಡಿದ್ರು, ಅವರಲ್ಲಿ 14 ಜನಕ್ಕೆ ಔಷಧಿ ಇಲ್ಲದೇನೇ ಶುಗರ್ ಹತೋಟಿಗೆ ಬಂತು. ಸಣ್ಣ ಪ್ರಯೋಗ, ನಮ್ಮೂರಿನವರ ಮೇಲೆ ಮಾಡಿದ್ದೂ ಅಲ್ಲ, ಆದ್ರೂ ದಾರಿ ತೋರಿಸುತ್ತೆ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವರು ಶುಗರಿನ ಹೊಸ್ತಿಲಲ್ಲಿದ್ದ 531 ಜನರನ್ನ ಮೂರು ವರ್ಷ ಹಿಂಬಾಲಿಸಿದ ಅಧ್ಯಯನ ನಂಗೆ ಇನ್ನೂ ಮುಖ್ಯ ಅನ್ಸುತ್ತೆ. ಏನೂ ಮಾಡದೇ ಬಿಟ್ಟವರಲ್ಲಿ ಶೇ. 55 ಜನಕ್ಕೆ ಶುಗರ್ ಬಂತು, ಊಟ ಸರಿಮಾಡ್ಕೊಂಡು ನಡೆದವರಲ್ಲಿ ಶೇ. 39ರಷ್ಟು ಜನಕ್ಕೆ ಮಾತ್ರ. ಗಮನಿಸಿ, ಆ ನಡೆದವರ ತೂಕ ಹೇಳ್ಕೊಳ್ಳೋ ಅಷ್ಟು ಇಳಿದೇ ಇರಲಿಲ್ಲ. ‘ಎರಡು ತಿಂಗಳಿಂದ ವಾಕಿಂಗ್ ಹೋಗ್ತಿದೀನಿ, ಒಂದು ಕೆಜಿನೂ ಇಳೀಲಿಲ್ಲ, ಬಿಟ್ಬಿಟ್ಟೆ’ ಅನ್ನೋರಿಗೆ ಇದನ್ನ ಓದಿ ಹೇಳಿ. ಸಣ್ಣಗಿರೋರು ವಾಕಿಂಗ್ ಜೊತೆ ಬಸ್ಕಿ, ದಂಡ, ಡಂಬೆಲ್ಸ್ ಏನಾದ್ರೂ ಭಾರದ ವ್ಯಾಯಾಮ ಸೇರಿಸ್ಕೊಳ್ಳಿ, ತಟ್ಟೇಲಿ ಅನ್ನದ ಗುಡ್ಡೆ ಚಿಕ್ಕದಾಗಲಿ, ಕಾಳು ಸೊಪ್ಪು ಮೊಟ್ಟೆ ಮೊಸರು ಜಾಸ್ತಿಯಾಗಲಿ.

ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಹಾರಿಸ್ಕೊಂಡು ಓದಬೇಡಿ. ಮೂಳೆ ಕಾಣೋ ಅಷ್ಟು ಸಣ್ಣಗಿದ್ದು, ಅಥವಾ ತೂಕ ತಾನಾಗೇ ಸರಸರ ಇಳೀತಾ ಬಾಯಾರಿಕೆ, ಪದೇಪದೇ ಮೂತ್ರ ಇದ್ರೆ, ಮೇಲೆ ಹೇಳಿದ್ದು ಯಾವುದೂ ನಿಮಗೆ ಅನ್ವಯಿಸಲ್ಲ, ತೂಕ ಇಳಿಸೋ ಪ್ರಯತ್ನ ಮಾಡಲೇಬೇಡಿ. ಅದು ದೊಡ್ಡವರಾದ್ಮೇಲೆ ಬರೋ ಟೈಪ್ 1, ಅಂದ್ರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದೇ ಹೋಗೋ ಶುಗರ್ ಇರಬಹುದು, ಪ್ಯಾಂಕ್ರಿಯಾಸಿನದೇ ಬೇರೆ ಕಾಯಿಲೆ ಇರಬಹುದು, ಚಿಕ್ಕಂದಿನಿಂದ ಅಪೌಷ್ಟಿಕತೆ ಇದ್ದವರಿಗೆ ಬರೋ ಶುಗರ್ ಇರಬಹುದು. ಈ ಕೊನೇದರ ಬಗ್ಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೇಲಿ ಒಳ್ಳೆ ಸಂಶೋಧನೆ ಆಗಿದೆ, 2025ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಶನ್ ಅದಕ್ಕೆ ಟೈಪ್ 5 ಅಂತ ಪ್ರತ್ಯೇಕ ಹೆಸರೂ ಕೊಡ್ತು. ಇವರ ಚಿಕಿತ್ಸೆ ಬೇರೆ, ಕೆಲವರಿಗೆ ಇನ್ಸುಲಿನ್ ತಡ ಮಾಡಿದ್ರೆ ಪ್ರಾಣಕ್ಕೇ ಕುತ್ತು. ಇಂಥವರು ಇವತ್ತೇ ಡಾಕ್ಟ್ರ ಹತ್ರ ಹೋಗಿ.

ಈಗ ಯಾರೂ ಕೇಳದ, ಆದ್ರೆ ಕೇಳಬೇಕಾಗಿದ್ದ ಪ್ರಶ್ನೆ. ನಮ್ಮ ಅಟ್ಟ ಯಾಕೆ ಚಿಕ್ಕದಾಯ್ತು? ಜೀನ್ಸ್ ಪಾತ್ರ ಇದ್ದೇ ಇದೆ, ಆದ್ರೆ ಕತೆ ತಾಯಿ ಹೊಟ್ಟೇಲೇ ಶುರುವಾಗುತ್ತೆ ಅಂತ ಹೇಳೋಕೆ ನಮ್ಮ ಹತ್ರ ಪುರಾವೆ ಇದೆ, ಅದರಲ್ಲಿ ಒಂದು ದೊಡ್ಡ ಪಾಲು ನಮ್ಮ ಮೈಸೂರಿಂದು, ಇದನ್ನ ಹೇಳುವಾಗ ನಂಗೆ ಹೆಮ್ಮೆ ಆಗುತ್ತೆ.

ಯಾಜ್ಞಿಕ್ ಅವರ ತಂಡ ಪುಣೆ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನ ಅಳೆದು ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜೊತೆ ಹೋಲಿಸಿದ್ರು. ನಮ್ಮವು ಸರಾಸರಿ 2.7 ಕೆಜಿ, ಅವರವು 3.5. ನಮ್ಮ ಕೂಸುಗಳಲ್ಲಿ ಕಡಿಮೆ ಇದ್ದಿದ್ದು ಮಸಲ್ ಮತ್ತೆ ಒಳಗಿನ ಅಂಗಾಂಗಗಳು, ಬೆನ್ನ ಮೇಲಿನ ಕೊಬ್ಬು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇತ್ತು. ನೋಡೋಕೆ ಸಣ್ಣ, ಒಳಗೆ ಕೊಬ್ಬು, ಹುಟ್ಟಿದ ದಿನಾನೇ.

ಮೈಸೂರಲ್ಲಿ ಆಗಿದ್ದು ಇನ್ನೊಂದು. ಊರವರು ಮಿಷನ್ ಆಸ್ಪತ್ರೆ ಅನ್ನೋ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೇಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ರಿಜಿಸ್ಟರಲ್ಲಿ ಬರೆದಿಟ್ಟಿದ್ರು. ಬರೆದ ಆ ನರ್ಸಮ್ಮಂದಿರಿಗೆ ಇದು ಮುಂದೆ ಸಂಶೋಧನೆಗೆ ಬರುತ್ತೆ ಅನ್ನೋ ಕಲ್ಪನೆಯೂ ಇರಲಿಕ್ಕಿಲ್ಲ, ಆದ್ರೂ ಅಷ್ಟು ಶಿಸ್ತಾಗಿ ಬರೆದಿದ್ರು. 1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕಿ ಡಾ. ಕ್ಯಾರೊಲೀನ್ ಫಾಲ್ ಮತ್ತೆ ಅಲ್ಲಿನ ಡಾಕ್ಟ್ರುಗಳು 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿದ್ದ ಜನರನ್ನ ಹುಡುಕಿ ಪರೀಕ್ಷೆ ಮಾಡಿದ್ರು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದು ಹುಟ್ಟಿದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆಜಿ ದಾಟಿದ್ದವರಲ್ಲಿ ಶೇ. 3. ಆದ್ರೆ ಶುಗರ್ ನೋಡಿದಾಗ ಅಂದುಕೊಂಡಿದ್ದೇ ಒಂದು, ಸಿಕ್ಕಿದ್ದೇ ಇನ್ನೊಂದು: ಹುಟ್ಟುವಾಗ ಗಿಡ್ಡ ಮತ್ತೆ ಗುಂಡಗಿದ್ದವರಿಗೆ, ತೂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಿಗೆ ಶುಗರ್ ಜಾಸ್ತಿ. ಆ ತಾಯಂದಿರಿಗೆ ಬಸುರಿನಲ್ಲೇ ಶುಗರ್ ಇದ್ದಿರಬಹುದಾ ಅಂತ ಅನುಮಾನ ಬಂದು, 1997ರಲ್ಲಿ ಅದೇ ಆಸ್ಪತ್ರೇಲಿ ಪಾರ್ಥೆನಾನ್ ಅನ್ನೋ ಹೊಸ ಅಧ್ಯಯನ ಶುರುವಾಯ್ತು. 830 ಬಸುರಿಯರಿಗೆ ಗ್ಲೂಕೋಸ್ ಟೆಸ್ಟ್ ಮಾಡಿದ್ರು, ಶೇ. 6.2 ಜನಕ್ಕೆ ಗರ್ಭಾವಸ್ಥೆಯ ಶುಗರ್ ಸಿಕ್ತು. ಅವರ ಮಕ್ಕಳನ್ನ ಐದು ವರ್ಷಕ್ಕೆ, ಒಂಬತ್ತೂವರೆ ವರ್ಷಕ್ಕೆ ಮತ್ತೆ ನೋಡಿದಾಗ, ಅದರಲ್ಲೂ ಹೆಣ್ಮಕ್ಕಳಲ್ಲಿ, ಕೊಬ್ಬೂ ಜಾಸ್ತಿ, ಇನ್ಸುಲಿನ್ ಮಟ್ಟಾನೂ ಜಾಸ್ತಿ.

ಅಂದ್ರೆ ಎರಡು ದಾರಿ. ಹೊಟ್ಟೇಲಿ ಮಗುವಿಗೆ ಪೋಷಣೆ ಸಾಲದೇ ಹೋದ್ರೂ ಮುಂದೆ ತೊಂದರೆ, ತಾಯಿ ರಕ್ತದಲ್ಲಿ ಗ್ಲೂಕೋಸ್ ಅತಿಯಾದ್ರೂ ತೊಂದರೆ. ‘ಎರಡು ಜೀವ, ಇಬ್ಬರ ಊಟ ಮಾಡು’ ಅಂತ ಬಸುರಿಗೆ ತಟ್ಟೆ ತುಂಬ ಅನ್ನ, ತುಪ್ಪ, ಸಿಹಿ ಬಡಿಸೋ ಅತ್ತೆ ಅಮ್ಮಂದಿರು ಇದನ್ನ ಕೇಳಿಸ್ಕೊಳ್ಳಿ, ಅವಳಿಗೆ ಬೇಕಾಗಿರೋದು ಕಾಳು, ಹಾಲು, ಸೊಪ್ಪು, ಹಣ್ಣು, ಮೊಟ್ಟೆ. ಸಣ್ಣದಾಗಿ ಹುಟ್ಟಿದ ಮಗುವನ್ನ ಆಮೇಲೆ ಬಿಸ್ಕತ್ತು ಬಾಳೆಕಾಯಿ ಚಿಪ್ಸ್ ತಿನ್ನಿಸಿ ಗುಂಡಗೆ ಮಾಡೋಕೆ ಹೋಗೋದೂ ಬೇಡ. ದೆಹಲಿಯಲ್ಲಿ ಹುಟ್ಟಿದಾಗಿಂದ ಹಿಂಬಾಲಿಸಿದ ಸುಮಾರು 1500 ಜನರ ಅಧ್ಯಯನದಲ್ಲಿ, ದೊಡ್ಡವರಾದ್ಮೇಲೆ ಶುಗರ್ ಏರಿದವರು ಎರಡು ವರ್ಷದ ತನಕ ತೆಳ್ಳಗಿದ್ದು ಆಮೇಲೆ ಬೇಗಬೇಗ ಮೈ ತುಂಬ್ಕೊಂಡವರೇ ಆಗಿದ್ರು, 12 ವರ್ಷಕ್ಕೆ ಅವರಲ್ಲಿ ಒಬ್ಬರೂ ಬೊಜ್ಜಿನ ಮಕ್ಕಳಾಗಿರಲಿಲ್ಲ.

ಮನೇಲಿ ಬಸುರಿ ಹೆಣ್ಮಗಳಿದ್ರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡೋ ಟೆಸ್ಟನ್ನ ತಪ್ಪಿಸಬೇಡಿ, ಅವಳು ಎಷ್ಟೇ ಸಣ್ಣಗಿರಲಿ. 140 ಅಥವಾ ಮೇಲೆ ಬಂದ್ರೆ ಚಿಕಿತ್ಸೆ ಬೇಕು. ಹೆರಿಗೆ ಆದ್ಮೇಲೆ ಶುಗರ್ ನಾರ್ಮಲ್ ಆಯ್ತು ಅಂತ ಫೈಲ್ ಕಟ್ಟಿ ಬೀರುವಿನಲ್ಲಿ ಇಡೋರೇ ಜಾಸ್ತಿ. ಮೈಸೂರಿನ ಅದೇ ಅಧ್ಯಯನದಲ್ಲಿ ಬಸುರಿನಲ್ಲಿ ಶುಗರ್ ಬಂದಿದ್ದ ತಾಯಂದಿರನ್ನ ಐದು ವರ್ಷ ಬಿಟ್ಟು ನೋಡಿದ್ರೆ ಶೇ. 37 ಜನಕ್ಕೆ ಖಾಯಂ ಶುಗರ್ ಆಗಿತ್ತು, ಬಸುರಿನಲ್ಲಿ ಬರದೇ ಇದ್ದವರಲ್ಲಿ ಶೇ. 2 ಅಷ್ಟೇ. ಹೆರಿಗೆಯಾಗಿ ಆರು ವಾರಕ್ಕೆ ಒಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ ಟೆಸ್ಟ್ ಆಗಲೇಬೇಕು. ಮಗುವಿನ ಲಸಿಕೆಗೆ ಹೋಗ್ತೀರಲ್ಲ, ಆರನೇ ವಾರದ್ದು, ಅವತ್ತೇ ತಾಯಿಯದ್ದೂ ಮಾಡಿಸ್ಕೊಂಡು ಬನ್ನಿ.