ಸೈಲೆಂಟ್ ಮಾಡಿದ ಫೋನು ಸರಳವಾದ ಫೋನಲ್ಲ

ಶಿವಮೊಗ್ಗದ ನೆಹರೂ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ಹದಿನೇಳು ವರ್ಷಗಳಿಂದ ಮೊಬೈಲ್ ರಿಪೇರಿ ಮಾಡುತ್ತ ಬಂದಿರುವ ನನ್ನ ಬಳಿಗೆ ಈಚೆಗೆ ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಮಳೆಗಾಲದಲ್ಲಿ ನೀರು ಕುಡಿದ ಚಾರ್ಜಿಂಗ್ ಪಿನ್‌ಗಳ ಜೊತೆಗೆ, ಏನೂ ಕೆಟ್ಟಿರದ ಫೋನುಗಳೂ ಬರತೊಡಗಿವೆ. ‘ಇದರ ಕಾಟ ತಡೆಯಲಾಗುತ್ತಿಲ್ಲ, ಸ್ವಲ್ಪ ಸಿಂಪಲ್ ಮಾಡಿಕೊಡಿ’ ಎಂದು ತಂದವರು ಹೇಳುತ್ತಾರೆ. ಕೈಗೆತ್ತಿಕೊಂಡು ನೋಡಿದರೆ ಆ ಫೋನು ಹೆಚ್ಚಾಗಿ ಸೈಲೆಂಟ್‌ನಲ್ಲಿರುತ್ತದೆ. ಕೇಳಿದರೆ, ಸೈಲೆಂಟ್ ಮಾಡಿ ಎಷ್ಟೋ ತಿಂಗಳಾಯಿತು, ಆದರೂ ಕಾಟ ಕಡಿಮೆಯಾಗಿಲ್ಲ ಎನ್ನುತ್ತಾರೆ. ಕಡಿಮೆಯಾಗುವುದಿಲ್ಲ. ಈ ಮಾತನ್ನು ದಿನಕ್ಕೆ ಒಬ್ಬರಿಗಾದರೂ ಹೇಳಬೇಕಾಗಿ ಬಂದು ನನ್ನ ಸಹನೆ ಸವೆದಿರುವುದರಿಂದ, ಒಮ್ಮೆ ಬರೆದೇ ಬಿಡುವುದು ಮೇಲೆಂದು ತೋರಿತು.

ಸೈಲೆಂಟ್ ಮಾಡಿದಾಗ ಫೋನಿಗೆ ಬರುವುದು ಒಂದಿಷ್ಟೂ ಕಡಿಮೆಯಾಗುವುದಿಲ್ಲ; ಬಂದದ್ದು ನಮಗೆ ತಿಳಿಯದಂತಾಗುತ್ತದೆ, ಅಷ್ಟೇ. ಹತ್ತು ಜಾಹೀರಾತು, ಮೂವತ್ತು ಶುಭೋದಯ, ಒಂದು ಮನೆಯ ಕರೆ, ಎಲ್ಲವೂ ಮೊದಲಿನಂತೆಯೇ ಒಳಗೆ ಬಂದು ಕೂತಿರುತ್ತವೆ. ಅವುಗಳಲ್ಲಿ ಮನೆಯ ಕರೆ ಇದೆಯೋ ಇಲ್ಲವೋ ಎಂದು ತಿಳಿಯಲು ಉಳಿದಿರುವ ದಾರಿ ಒಂದೇ, ಫೋನನ್ನು ತೆಗೆದು ನೋಡುವುದು. ತೆಗೆದ ಮೇಲೆ ಕಣ್ಣಿಗೆ ಮೊದಲು ಬೀಳುವುದು ಆ ಕರೆಯಲ್ಲ, ಉಳಿದ ನಲವತ್ತು. ಅವುಗಳಲ್ಲೊಂದನ್ನು ಒತ್ತಿದರೆ ಕಾಲು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ಬಾರಿಸುತ್ತಿದ್ದ ಗಂಟೆಯನ್ನು ನಿಲ್ಲಿಸಿದವರು ತಾವೇ ಗಂಟೆಯಾಗಿ, ಐದೈದು ನಿಮಿಷಕ್ಕೆ ತಮ್ಮನ್ನು ತಾವೇ ಬಾರಿಸಿಕೊಳ್ಳತೊಡಗುತ್ತಾರೆ.

ಹೊಸನಗರ ತಾಲ್ಲೂಕಿನ ನಿವೃತ್ತ ಮೇಷ್ಟರೊಬ್ಬರು, ತಾವು ಫೋನಿನ ಚಟ ಬಿಟ್ಟಿರುವುದಾಗಿ ಹೇಳಿಕೊಂಡೇ ಅಂಗಡಿಯೊಳಕ್ಕೆ ಬಂದರು. ಆಂಡ್ರಾಯ್ಡ್ ಫೋನುಗಳಲ್ಲಿ 2018ರಿಂದ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಸೌಲಭ್ಯವಿದ್ದು, ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿರಿ ಎಂಬ ಎಣಿಕೆ ಅದರಲ್ಲಿ ಸಿಗುತ್ತದೆ. ಅವರದ್ದನ್ನು ತೆರೆದು ತೋರಿಸಿದೆ. ಹಿಂದಿನ ದಿನದ ಎಣಿಕೆ ನೂರು ದಾಟಿತ್ತು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಅದೇ ವಾರ ಮಗಳು ಆಸ್ಪತ್ರೆಯಿಂದ ಮಾಡಿದ ಕರೆಗಳು ಅವರಿಗೆ ತಪ್ಪಿಹೋಗಿದ್ದವು. ನೂರು ಸಲ ನೋಡಿಯೂ ನೋಡಬೇಕಾದ ಹೊತ್ತಿಗೆ ನೋಡಿರಲಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು. ತೋಟದ ನಡುವೆ ಒಂಟಿ ಮನೆ ಅವರದ್ದು. ನನ್ನ ಉಪನ್ಯಾಸವನ್ನು ಕೇಳಿಸಿಕೊಂಡು, ‘ತರಗೆಲೆ ಬಿದ್ದರೂ ಬೊಗಳುತ್ತದೆ ಅಂತ ನಾಯಿಯ ಬಾಯಿ ಕಟ್ಟಿದ ಹಾಗಾಯ್ತು. ಇನ್ನು ದಣಪೆ ಹತ್ತಿರ ಯಾರಾದರೂ ಬಂದರೋ ಅಂತ ನಾನೇ ಗಳಿಗೆಗೊಮ್ಮೆ ಜಗಲಿಗೆ ಹೋಗಿ ನೋಡಬೇಕು’ ಎಂದರು. ಆ ನಾಯಿ ಬೊಗಳಲೇಬೇಕು, ಆದರೆ ಮನುಷ್ಯರು ಬಂದಾಗ ಮಾತ್ರ. ಅಂದಿನಿಂದ ಎಲ್ಲರಿಗೂ ನಾನು ಈ ನಾಯಿಯ ಕಥೆಯನ್ನೇ ಹೇಳುತ್ತಿದ್ದೇನೆ.

ಆದ್ದರಿಂದ ನನ್ನಲ್ಲಿ ಕೆಲಸ ಶುರುವಾಗುವುದು ಸೈಲೆಂಟ್ ತೆಗೆಯುವುದರಿಂದ. ಗಿರಾಕಿಗಳು ಗಾಬರಿಯಾಗುತ್ತಾರೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿಯನ್ನು ತೆರೆಸಿ, ಯಾವ ಆ್ಯಪ್ ಹೆಚ್ಚು ಕೂಗುತ್ತದೆಯೋ ಅದರಿಂದ ಆರಂಭಿಸುತ್ತೇನೆ. ಶಾಪಿಂಗ್, ಆಟ, ವಿಡಿಯೊ, ಸುದ್ದಿ, ಸಾಲ ಕೊಡುವ ಆ್ಯಪ್‌ಗಳ ಅನುಮತಿಯನ್ನು ಪೂರ್ತಿ ತೆಗೆಯಬಹುದು. ಆ್ಯಪ್ ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆದು ನೋಡಬಹುದು. ಇಷ್ಟನ್ನು ನಂಬಿಸುವುದೇ ನನಗೆ ಕಷ್ಟ. 2022ರ ಆಂಡ್ರಾಯ್ಡ್ 13ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಆ್ಯಪ್ ನೋಟಿಫಿಕೇಶನ್ ಕಳುಹಿಸಲು ಮೊದಲು ನಮ್ಮನ್ನು ಕೇಳಲೇಬೇಕು. ಕೇಳುತ್ತದೆ ಕೂಡ. ಆದರೆ ಓದುವ ವ್ಯವಧಾನವಿಲ್ಲದೆ ‘ಅನುಮತಿಸಿ’ ಎಂಬುದನ್ನು ಒತ್ತಿ ಮುಂದೆ ಹೋದವರೇ ಆರು ತಿಂಗಳ ನಂತರ ನನ್ನ ಗಾಜಿನ ಕೌಂಟರಿನ ಮೇಲೆ ಫೋನು ಕುಕ್ಕುತ್ತಾರೆ.

ಬ್ಯಾಂಕಿನ ಆ್ಯಪ್ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅದನ್ನು ಪೂರ್ತಿ ಮುಚ್ಚಿದರೆ ಖಾತೆಯಿಂದ ಹಣ ಹೋದ ಸುದ್ದಿ ತಡವಾಗಿ ತಿಳಿದೀತು. 2017ರ ಆಂಡ್ರಾಯ್ಡ್ 8ರಿಂದ ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆ ವರ್ಗಗಳಾಗಿ ವಿಂಗಡಿಸಲು ಅವಕಾಶವಿದೆ. ಆ್ಯಪ್ ತಯಾರಿಸಿದವರು ಹಾಗೆ ವಿಂಗಡಿಸಿದ್ದರೆ ವ್ಯವಹಾರದ ವರ್ಗವನ್ನು ಉಳಿಸಿಕೊಂಡು ಆಫರ್‌ಗಳದ್ದನ್ನು ತೆಗೆಯಬಹುದು. ಎಸ್ಸೆಮ್ಮೆಸ್‌ಗಳನ್ನಂತೂ ಪೂರ್ತಿ ಮುಚ್ಚಲೇಬಾರದು. ಕಳುಹಿಸಿದವರ ಹೆಸರಿನ ಕೊನೆಯಲ್ಲಿ 2025ರಿಂದ ಒಂದು ಇಂಗ್ಲಿಷ್ ಅಕ್ಷರ ಬರುತ್ತಿದೆ: ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ವ್ಯವಹಾರ, ಜಿ ಎಂದರೆ ಸರ್ಕಾರ. ಪ್ರಚಾರದವನ್ನು ಬೇಡವೆನ್ನಲು 1909ಕ್ಕೆ ಕರೆ ಮಾಡಿ ನೋಂದಾಯಿಸಬಹುದು. ಫೋನಿನ ತುರ್ತು ಎಚ್ಚರಿಕೆಯನ್ನು, ಅಂದರೆ 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಾದ್ಯಂತ ಪರೀಕ್ಷಿಸಿದಾಗ ಎಲ್ಲರೂ ಬೆಚ್ಚಿಬಿದ್ದ ಆ ಕರ್ಕಶ ಸದ್ದನ್ನು, ನಿಲ್ಲಿಸಿಕೊಡಿ ಎಂದು ಕೇಳುವವರಿದ್ದಾರೆ. ಗುಡ್ಡ ಕುಸಿಯುವ ಸೀಮೆಯಲ್ಲಿರುವ ನಾವು ಅದನ್ನು ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ವಾಟ್ಸ್‌ಆ್ಯಪ್. ಮೇಲೆ ಹೇಳಿದ ಬೆಳೆಗಾರರು ಅಡಿಕೆ ಧಾರಣೆಯದ್ದೇ ಐದು ಗುಂಪುಗಳಲ್ಲಿದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ ಬರೆದ ಅದೇ ಚಿತ್ರ ಐದೂ ಗುಂಪುಗಳಿಗೆ ಬರುತ್ತಿತ್ತು, ಅವರು ಐದು ಸಲವೂ ತೆರೆದು ನೋಡುತ್ತಿದ್ದರು. ಐದು ಸಲ ನೋಡಿದರೆ ಕ್ವಿಂಟಲ್ಲಿಗೆ ಐದು ರೂಪಾಯಿಯೂ ಏರುವುದಿಲ್ಲವೆಂದೆ. ಒಂದನ್ನು ಉಳಿಸಿಕೊಂಡು ನಾಲ್ಕರಿಂದ ಹೊರಬನ್ನಿ ಎಂದರೆ, ಒಂದರ ಅಡ್ಮಿನ್ ಅವರ ಭಾವ, ಇನ್ನೊಂದರದ್ದು ಸೊಸೈಟಿಯ ನಿರ್ದೇಶಕರು. ನಮ್ಮೂರುಗಳಲ್ಲಿ ಗುಂಪು ಬಿಡುವುದೆಂದರೆ ಪಂಕ್ತಿಯಿಂದ ಎದ್ದುಹೋದಂತೆ. ಬಿಡುವ ಅಗತ್ಯವೂ ಇಲ್ಲ. ಮ್ಯೂಟ್‌ನಲ್ಲಿ ‘ಯಾವಾಗಲೂ’ ಎಂಬುದನ್ನು ಆರಿಸಿ, ಆ ಗುಂಪನ್ನು ಆರ್ಕೈವ್ ಮಾಡಿದರೆ, ಅಂದರೆ ಮುಖ್ಯ ಪಟ್ಟಿಯಿಂದ ಬದಿಗೆ ಸರಿಸಿಟ್ಟರೆ, ಭಾವನಿಗೆ ತಿಳಿಯುವುದಿಲ್ಲ.

ಹಾಗಾದರೆ ಜುಲೈ ತಿಂಗಳಿನಲ್ಲಿ ಶಾಲೆಗೆ ರಜೆ ಕೊಟ್ಟದ್ದು ತಿಳಿಯುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆ ನನಗೆ ಇಷ್ಟ, ಏಕೆಂದರೆ ಕೇಳಿದವರಿಗೆ ವಿಷಯ ಅರ್ಥವಾಗಿದೆ. ಎಲ್ಲ ಗುಂಪುಗಳ ಸದ್ದನ್ನು ತೆಗೆದು, ಶಾಲೆಯ ಗುಂಪೊಂದಕ್ಕೇ ಬೇರೆ ದನಿಯನ್ನು ಹೊಂದಿಸಲು ವಾಟ್ಸ್‌ಆ್ಯಪ್‌ನಲ್ಲಿಯೇ ಅವಕಾಶವಿದೆ. ಬೆಳಗಿನ ಮಳೆಯಲ್ಲಿ ಆ ದನಿ ಕೇಳಿದರೆ ಡಬ್ಬಿ ಕಟ್ಟುವುದನ್ನು ನಿಲ್ಲಿಸಬಹುದು, ಕೇಳದಿದ್ದರೆ ದೋಸೆಯ ಹೆಂಚು ಬಿಟ್ಟು ಬರಬೇಕಾಗಿಲ್ಲ. ರಾತ್ರಿಗೂ ಸೈಲೆಂಟ್ ಬೇಡ. ‘ಅಡಚಣೆ ಮಾಡಬೇಡಿ’ ವ್ಯವಸ್ಥೆಯಲ್ಲಿ ನಕ್ಷತ್ರ ಗುರುತು ಹಾಕಿದ ನಾಲ್ಕಾರು ಮಂದಿಯ ಕರೆಗಳು ಮಾತ್ರ ರಿಂಗಾಗುವಂತೆ ಮಾಡಬಹುದು. ಹದಿನೈದು ನಿಮಿಷದೊಳಗೆ ಒಬ್ಬರೇ ಎರಡನೆಯ ಸಲ ಕರೆದರೆ ಅದೂ ರಿಂಗಾಗುವಂತೆ ಮಾಡಬಹುದು.

ಕಪ್ಪುಬಿಳುಪು ಪರದೆ, ಚಿಹ್ನೆಗಳಿಲ್ಲದ ಖಾಲಿ ಮುಖಪುಟ, ಕೀಪ್ಯಾಡ್ ಫೋನು, ಇವನ್ನೆಲ್ಲ ಕೇಳಿಕೊಂಡು ಬರುವವರೂ ಇದ್ದಾರೆ. ನನ್ನ ವಿರೋಧವಿಲ್ಲ, ಕೆಲವರಿಗೆ ಉಪಯೋಗವಾದೀತು. ಆದರೆ ಕೀಪ್ಯಾಡ್ ಫೋನು ಕೊಂಡವರಲ್ಲಿ ಹೆಚ್ಚಿನವರು ಹಳೆಯದನ್ನು ಬ್ಯಾಂಕಿನ ಕೆಲಸಕ್ಕೆಂದು ಚೀಲದಲ್ಲಿಟ್ಟುಕೊಂಡು ಎರಡನ್ನೂ ಹೊರುತ್ತಿರುವುದನ್ನು ಕಂಡಿದ್ದೇನೆ.

ಒಂದು ವಿಷಯದಲ್ಲಿ ನಾನು ಹಟಮಾರಿ. ಈ ಕೆಲಸವನ್ನು ಗಿರಾಕಿಯ ಕೈಯಿಂದಲೇ ಮಾಡಿಸುತ್ತೇನೆ, ಲಾಕ್ ತೆಗೆದ ಫೋನನ್ನು ನನ್ನ ಬಳಿ ಬಿಟ್ಟುಹೋಗಲು ಒಪ್ಪುವುದಿಲ್ಲ. ಹಣವಿರುವ ಫೋನನ್ನು ಲಾಕ್ ತೆಗೆದು ಯಾವ ಅಂಗಡಿಯವನಿಗೂ ಕೊಡಬಾರದು, ನನಗೂ ಕೊಡಬಾರದು. ಅದಲ್ಲದೆ, ಯಾರು ಕೂಗಬಹುದು ಯಾರು ಕೂಗಬಾರದು ಎಂಬುದನ್ನು ಅವರ ಪರವಾಗಿ ನಾನು ಹೇಗೆ ತೀರ್ಮಾನಿಸಲಿ? ಮೆನುಗಳ ಹೆಸರು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಬಗೆ. ಹೊಸದಾಗಿ ಹಾಕಿಕೊಂಡ ಆ್ಯಪ್‌ಗಳು ಮತ್ತೆ ಪಟ್ಟಿ ಸೇರುತ್ತವೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕಾಗುತ್ತದೆ.

ಮೇಷ್ಟರು ಹಾಗೆ ನೋಡಿಸಲು ಮೊನ್ನೆ ಬಂದಿದ್ದರು. ಲಾಕ್ ತೆಗೆದ ಎಣಿಕೆ ಇಳಿದಿತ್ತು, ಆದರೆ ಅವರ ಬಳಿ ಹೊಸ ದೂರೊಂದಿತ್ತು. ಮೊದಲಾದರೆ ಫೋನು ರಿಂಗಾದಾಗ ಯಾರೋ ಸಾಲದವರೆಂದು ಎತ್ತದೆ ಕೂರಬಹುದಿತ್ತು; ಈಗ ರಿಂಗಾದರೆ ಅದು ಮಗಳೇ ಆಗಿರುವುದರಿಂದ, ಮಾತ್ರೆ ನುಂಗಿದಿರಾ ಎಂಬ ಪ್ರಶ್ನೆಗೆ ಪ್ರತಿಸಲವೂ ಉತ್ತರ ಕೊಡಬೇಕಾಗಿದೆಯಂತೆ.