ಸಕ್ಯುಲೆಂಟ್ ಬಳ್ಳಿ: ಬೀಜ ತಾಜಾ ಇರಲಿ, ಸಸಿ ಒಣಗದಿರಲಿ

"ಸ್ಟ್ರಿಂಗ್ ಆಫ್ ಪರ್ಲ್ಸ್ ಬೀಜ ಆನ್‌ಲೈನ್‌ನಲ್ಲಿ ತರಿಸಿದೆ, ಒಂದೂ ಹುಟ್ಟಲಿಲ್ಲ. ಏನು ಮಾಡಲಿ?" ನರ್ಸರಿಯಲ್ಲಿ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಸ್ಟ್ರಿಂಗ್ ಆಫ್ ಪರ್ಲ್ಸ್ ಅಂದರೆ ಹಸಿರು ಮಣಿಯಂಥ ಎಲೆಗಳ, ಇಳಿಬೀಳುವ ಸಕ್ಯುಲೆಂಟ್ ಬಳ್ಳಿ. ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡಕ್ಕೆ ಸಕ್ಯುಲೆಂಟ್ ಎನ್ನುತ್ತಾರೆ. ಇನ್ನು ಕೆಲವರಿಗೆ ಹುಟ್ಟಿರುತ್ತದೆ, ಆದರೆ ಹುಟ್ಟಿದ್ದು ಯಾವುದೋ ಕಳೆ.

ಮೊದಲು ಪ್ಯಾಕೆಟ್ ವಿಷಯ ಹೇಳಿಬಿಡುತ್ತೇನೆ. ಅದರ ಮೇಲೆ ನೀಲಿ, ಗುಲಾಬಿ ಮಣಿಗಳ ಚಿತ್ರ ಇದ್ದರೆ ಅದು ಸುಳ್ಳು. ಅಂಥ ಬಣ್ಣದ ಗಿಡವೇ ಇಲ್ಲ. ಒಳಗಿನ ಬೀಜ ದುಂಡಗೆ ಮಣಿಯ ಹಾಗೆ ಇದ್ದರೂ ಅದು ಪರ್ಲ್ಸ್ ಅಲ್ಲ. ಮಣಿಯ ಹಾಗೆ ಇರುವುದು ಈ ಗಿಡದ ಎಲೆ, ಬೀಜವಲ್ಲ. ಪರ್ಲ್ಸ್ ಸೂರ್ಯಕಾಂತಿ ಕುಟುಂಬದ ಗಿಡ. ಚಿಕ್ಕ ಬಿಳಿ ಹೂ ಬಿಡುತ್ತದೆ, ಹತ್ತಿರ ಹೋದರೆ ಚಕ್ಕೆಯ ಪರಿಮಳ ಬರುತ್ತದೆ. ಬೀಜ ತೆಳ್ಳಗೆ, ಉದ್ದಕ್ಕೆ ಇರುತ್ತದೆ, ತುದಿಯಲ್ಲಿ ಬಿಳಿ ಕೂದಲಿನ ಕುಚ್ಚು. ಆ ಕುಚ್ಚು ಹಿಡಿದು ಗಾಳಿಯಲ್ಲಿ ಹಾರಿಹೋಗಲಿಕ್ಕೆ ಹುಟ್ಟಿದ ಬೀಜ ಅದು, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರಲಿಕ್ಕಲ್ಲ. ಮನೆಯ ಗಿಡದಲ್ಲೇ ಹೂ ಬಿಟ್ಟರೂ ಬಹಳ ಸಲ ಸಿಗುವುದು ಜೊಳ್ಳು. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬಿತ್ತಿ, ಚಪ್ಪಟೆಯಾಗಿ ಮಡಚಿಕೊಂಡರೆ ಬಿಟ್ಟುಬಿಡಿ.

ಹಾಗಾದರೆ ಬೀಜದ ಗೊಡವೆ ಯಾಕೆ, ಬಳ್ಳಿಯ ತುಂಡು ಕತ್ತರಿಸಿ ನೆಡುವ ಕಟಿಂಗ್ ಇದೆಯಲ್ಲ? ನಿಜ, ಪರ್ಲ್ಸ್‌ಗೆ ಕಟಿಂಗೇ ಸರಿ. ಆದರೆ ಕಟಿಂಗ್ ಅಂದರೆ ಅದೇ ಗಿಡ ಇನ್ನೊಂದು ಕುಂಡದಲ್ಲಿ. ಬೀಜದಿಂದ ಬಂದದ್ದು ಹೊಸ ಗಿಡ. ಒಂದರ ಎಲೆ ದೊಡ್ಡದು, ಒಂದರ ಗೆಣ್ಣು ಹತ್ತಿರ, ಒಂದು ನಿಮ್ಮ ಮನೆಯ ಬೆಳಕಿಗೆ ಚೆನ್ನಾಗಿ ಒಗ್ಗುತ್ತದೆ. ಆಯ್ಕೆ ಮಾಡುವ ಖುಷಿ ಬೀಜದಲ್ಲಿ ಮಾತ್ರ ಇದೆ. ಒಂದು ಎಚ್ಚರಿಕೆ: ಬಿಳಿ, ಗುಲಾಬಿ ಪಟ್ಟೆಯ ವೇರಿಗೇಟೆಡ್ ಗಿಡ ಬೇಕಿದ್ದರೆ ಬೀಜ ನಂಬಬೇಡಿ. ಸಾಮಾನ್ಯವಾಗಿ ಸಸಿ ಪೂರ್ತಿ ಹಸಿರಾಗಿರುತ್ತದೆ, ಇಲ್ಲವೇ ಪೂರ್ತಿ ಬಿಳಿಯಾಗಿ ಹುಟ್ಟಿ ಸಾಯುತ್ತದೆ.

ಬೀಜದಿಂದ ಶುರು ಮಾಡುವವರಿಗೆ ನಾನು ಹೇಳುವ ಗಿಡ ರಿಪ್ಸಾಲಿಸ್. ಇದು ಮುಳ್ಳಿಲ್ಲದ ಕಳ್ಳಿ, ಅಂದರೆ ಕ್ಯಾಕ್ಟಸ್. ಹಸಿರು ದಾರದ ಗೊಂಚಲು ಇಳಿಬಿಟ್ಟಂತೆ ಕಾಣುತ್ತದೆ. ಕ್ಯಾಕ್ಟಸ್ ಜಾತಿಗಳ ತವರು ಅಮೆರಿಕ ಖಂಡಗಳು. ಆದರೆ ರಿಪ್ಸಾಲಿಸ್ ಬ್ಯಾಸಿಫೆರಾ ಎಂಬ ಒಂದೇ ಒಂದು ಜಾತಿ ಆಫ್ರಿಕಾ, ಮಡಗಾಸ್ಕರ್, ನಮ್ಮ ಪಕ್ಕದ ಶ್ರೀಲಂಕಾದ ಕಾಡುಗಳಲ್ಲೂ ತಾನಾಗೇ ಬೆಳೆಯುತ್ತದೆ. ಮರದ ಕೊಂಬೆಯ ಮೇಲೆ ಇರುತ್ತದೆ, ಹಣ್ಣು ಕೂಡ ಬಂದಳಿಕೆಯ ಹಣ್ಣಿನ ಹಾಗೆ ಅಂಟಂಟು. ಆದರೆ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೆ.

ಈ ಜಾತಿಯ ಒಂದೇ ಗಿಡವಿದ್ದರೂ ಕಾಯಿ ಕಟ್ಟುತ್ತದೆ. ಅದೇ ಇದರ ದೊಡ್ಡ ಗುಣ. ಬಟಾಣಿಗಿಂತ ಚಿಕ್ಕ ಬಿಳಿ ಹಣ್ಣು ಒಳಗಿನ ಕಪ್ಪು ಬೀಜ ಕಾಣುವಷ್ಟು ಪಾರದರ್ಶಕವಾದಾಗ ಮಾಗಿತು ಎಂದು ಅರ್ಥ. ಹಣ್ಣನ್ನು ಟೀ ಸೋಸುವ ಜರಡಿಯಲ್ಲಿ ಹಾಕಿ, ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಉಜ್ಜಿ. ಅಂಟು ಪೂರ್ತಿ ಹೋಗಬೇಕು, ಬೂಸ್ಟು ಶುರುವಾಗುವುದೇ ಆ ಅಂಟಿನಿಂದ. ಬೀಜವನ್ನು ಕಾಗದದ ಮೇಲೆ ಒಂದು ದಿನ ನೆರಳಲ್ಲಿ ಆರಿಸಿ, ತಡ ಮಾಡದೆ ಬಿತ್ತಿ.

ಬಿತ್ತುವ ಮಣ್ಣಿಗೆ ಅರ್ಧ ಜರಡಿ ಹಿಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ತೊಳೆದ ದಪ್ಪ ಮರಳು ಸಾಕು. ಗೊಬ್ಬರ ಬೇಡ. ಗೊಬ್ಬರ ಹಾಕಿದರೆ ಮೊದಲು ಬೆಳೆಯುವುದು ಪಾಚಿ. ಮಿಶ್ರಣವನ್ನು ಒದ್ದೆ ಮಾಡಿ, ಅದಕ್ಕೆಂದೇ ಇಟ್ಟುಕೊಂಡ ಹಳೆಯ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ತಣ್ಣಗಾಗಲು ಬಿಡಿ. ಈ ಕೆಲಸ ಬಿಡಬೇಡಿ. ಮೊಳಕೆಯ ಕುತ್ತಿಗೆ ಕೊಳೆತು ಸಸಿ ಮಲಗಿಬಿಡುವ ರೋಗ ಬರುವುದು ಮಣ್ಣಲ್ಲಿರುವ ಶಿಲೀಂಧ್ರದಿಂದ. ಹೋಟೆಲ್ ಪಾರ್ಸೆಲ್ ಬರುವ ಪಾರದರ್ಶಕ ಡಬ್ಬಿ ಒಳ್ಳೆಯ ಸಸಿಮಡಿ. ತಳಕ್ಕೆ ತೂತು ಮಾಡಿ, ಎರಡು ಇಂಚು ಮಿಶ್ರಣ ತುಂಬಿ, ಬೀಜವನ್ನು ಮೇಲೆ ಚೆಲ್ಲಿ. ಬೀಜವನ್ನು ಮಣ್ಣಿನಿಂದ ಮುಚ್ಚಬೇಡಿ, ಇವಕ್ಕೆ ಬೆಳಕು ಬೇಕು. ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಕುಡಿಸಿ. ಮುಚ್ಚಳ ಹಾಕಿ ಬಿಸಿಲು ನೇರ ಬೀಳದ ಕಿಟಕಿಯ ಬಳಿ ಇಡಿ. 20ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ.

ಜಾಸ್ತಿ ಸಸಿ ಸಾಯುವುದು ಇಲ್ಲಿಂದ ಮುಂದೆ. ಕಾರಣ ಒಂದು ತಪ್ಪು ತಿಳಿವಳಿಕೆ. "ಸಕ್ಯುಲೆಂಟ್ ಅಲ್ವಾ, ನೀರು ಕಮ್ಮಿ ಹಾಕಬೇಕು" ಎಂದು ಮೊಳಕೆ ಕಂಡ ಕೂಡಲೇ ಮುಚ್ಚಳ ತೆಗೆದು ಒಣಗಿಸುತ್ತಾರೆ. ನೀರು ಕೂಡಿಡುವ ಶಕ್ತಿ ದೊಡ್ಡ ಗಿಡದ್ದು. ಅದಕ್ಕೆ ದಪ್ಪ ಕಾಂಡ, ದಪ್ಪ ಎಲೆ ಇದೆ. ಎರಡು ಮಿಲಿಮೀಟರ್ ಸಸಿಯ ಹತ್ತಿರ ಏನಿದೆ? ಒಂದು ಮಧ್ಯಾಹ್ನ ಒಣಗಿದರೆ ಅದರ ಕಥೆ ಮುಗಿಯಿತು. ಕಾಡಿನಲ್ಲೂ ಇವು ಬಟಾಬಯಲಲ್ಲಿ ಹುಟ್ಟುವುದಿಲ್ಲ. ಪರ್ಲ್ಸ್ ಗಿಡದ ತವರು ದಕ್ಷಿಣ ಆಫ್ರಿಕಾದ ಒಣ ಸೀಮೆ, ಆದರೆ ಅಲ್ಲೂ ಅದು ಪೊದೆ, ಬಂಡೆಗಳ ನೆರಳಲ್ಲಿ ನೆಲದ ಮೇಲೆ ಹರಿದುಕೊಂಡು, ತಾಗಿದ ಕಡೆಯೆಲ್ಲ ಬೇರು ಬಿಡುತ್ತಾ ಬದುಕುತ್ತದೆ. ರಿಪ್ಸಾಲಿಸ್ ಅಂತೂ ತೇವದ ಕಾಡಿನದು.

ಆದ್ದರಿಂದ ಮೊದಲ ಎರಡು ಮೂರು ತಿಂಗಳು ಮಣ್ಣು ಒಣಗಲು ಬಿಡಬೇಡಿ. ನೀರು ನಿಲ್ಲುವುದೂ ಬೇಡ. ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದು ಗಾಳಿ ಆಡಿಸಿ. ಬೂಸ್ಟು ಕಂಡರೆ ಆ ಭಾಗವನ್ನು ಚಮಚದಲ್ಲಿ ಎತ್ತಿ ಬಿಸಾಡಿ, ಉಳಿದದ್ದಕ್ಕೆ ಲೀಟರ್ ನೀರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ, ಕೈಗವಸು ಹಾಕಿಕೊಂಡು ಸಿಂಪಡಿಸಿ. ರಿಪ್ಸಾಲಿಸ್‌ನ ಮೊದಲ ಚಿಗುರು ಚಿಕ್ಕ ರೋಮಗಳ ಕಳ್ಳಿಮರಿಯ ಹಾಗೆ ನೆಟ್ಟಗೆ ಏಳುತ್ತದೆ. ಬೇರೆ ಗಿಡ ಬಂತು ಎಂದು ಕಿತ್ತುಹಾಕಬೇಡಿ. ಇಳಿಬೀಳುವ ದಾರಗಳು ಆಮೇಲೆ ಬರುತ್ತವೆ.

ಕಾಲ ನೋಡಿ ಬಿತ್ತಿ. ಬೆಂಗಳೂರು, ಮೈಸೂರಿನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳ್ಳೆಯದು. ಡಿಸೆಂಬರ್, ಜನವರಿ ರಾತ್ರಿಯ ಚಳಿಗೆ ಮೊಳಕೆ ನಿಧಾನ. ಕಲಬುರಗಿ, ರಾಯಚೂರು ಕಡೆಯವರು ಅಕ್ಟೋಬರ್‌ನಲ್ಲಿ ಬಿತ್ತಬೇಕು, ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿ ಒಲೆಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಮುಗಿಯುವವರೆಗೆ ಕಾಯಿರಿ.

ಬೀಜದಿಂದ ಬೆಳೆಸಲು ನಾನು ಹೇಳುವ ಎರಡನೆಯ ಗಿಡ ಸ್ಟ್ರಿಂಗ್ ಆಫ್ ಹಾರ್ಟ್ಸ್, ಹೃದಯದ ಆಕಾರದ ಎಲೆಯ ಬಳ್ಳಿ. 1881ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ ಇದನ್ನು ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಬಂಡೆಗಳಿಂದ ಇಳಿಬಿದ್ದಿರುವುದನ್ನು ಕಂಡರು. ಇದರ ಸಸ್ಯಶಾಸ್ತ್ರೀಯ ಹೆಸರು ಸೆರೋಪೇಜಿಯ ವುಡಿ, ಅದರಲ್ಲಿರುವುದು ಅವರ ಹೆಸರೇ. ಎಕ್ಕದ ಗಿಡದ ಕುಟುಂಬ ಇದು, ಬೀಜ ನೋಡಿದರೆ ಗೊತ್ತಾಗುತ್ತದೆ: ಜೋಡಿ ಕೋಡಿನಂಥ ಕಾಯಿ ಒಣಗಿ ಬಿರಿದರೆ ರೇಷ್ಮೆ ಎಳೆಯ ಬೀಜಗಳು ಹಾರುತ್ತವೆ. ಹೂವಿನ ಕೊಳವೆಯೊಳಗೆ ಕೆಳಮುಖವಾದ ರೋಮಗಳಿವೆ. ಒಳಗೆ ಹೋದ ಪುಟ್ಟ ನೊಣ ರೋಮ ಬಾಡುವವರೆಗೆ ಹೊರಬರಲಾರದು, ಬರುವಾಗ ಪರಾಗ ಹೊತ್ತು ತರುತ್ತದೆ. ಎಷ್ಟು ಜಾಣ ಹೂ! ಮನೆಯೊಳಗೆ ಇಟ್ಟ ಗಿಡಕ್ಕೆ ನೊಣ ಬರುವುದಿಲ್ಲ, ಕಾಯಿ ಬೇಕಿದ್ದರೆ ಹೂ ಬಿಟ್ಟಾಗ ಬಾಲ್ಕನಿಗೆ ತನ್ನಿ. ಕಾಯಿ ಹಳದಿಯಾಗುತ್ತಿದ್ದಂತೆ ತೆಳು ಬಟ್ಟೆಯ ಚೀಲ ಕಟ್ಟಿ. ಸಿಕ್ಕ ಬೀಜವನ್ನು ಅದೇ ವಾರ ಮಲಗಿಸಿ ಬಿತ್ತಿ, ಮೇಲೆ ಒಂದು ಪದರ ಮರಳು ಉದುರಿಸಿ. ತಾಜಾ ಬೀಜ ಬೇಗ ಮೊಳೆಯುತ್ತದೆ. ಸಸಿ ಕೆಳಗೆ ಗಡ್ಡೆ ಕಟ್ಟಿದ ಮೇಲೆ ಮಾತ್ರ ನೀರು ಕಡಿಮೆ ಮಾಡಿ.

ನಮ್ಮ ಪಶ್ಚಿಮ ಘಟ್ಟದಲ್ಲೂ ಸೆರೋಪೇಜಿಯ ಕುಲದ ಹಲವು ಜಾತಿಗಳಿವೆ. ಕೆಲವು ಬಹಳ ಅಪರೂಪ, ಅಳಿವಿನ ಅಂಚಿನವು. ಚಾರಣಕ್ಕೆ ಹೋದಾಗ ಗಡ್ಡೆ ಅಗೆದು ತರಬೇಡಿ, ದಯವಿಟ್ಟು.

ದಪ್ಪ ಎಲೆಗಳ ಜಡೆಯಂತೆ ಇಳಿಬೀಳುವ ಸಕ್ಯುಲೆಂಟ್ ಬರೋಸ್ ಟೇಲ್‌ನ ಬೀಜಕ್ಕೆ ಕಾಯುವುದು ವ್ಯರ್ಥ. ಅದು ಹೂ ಬಿಡುವುದೇ ಅಪರೂಪ, ಬೀಜ ಧೂಳಿನಷ್ಟು ಸಣ್ಣದು, ಉದುರಿದ ಎಲೆಯೇ ಗಿಡವಾಗುತ್ತದೆ. ಮಕ್ಕಳ ಜೊತೆ ಬಿತ್ತಿ ಬೇಗ ಹೂ ನೋಡಬೇಕೆನ್ನುವವರಿಗೆ ಟೇಬಲ್ ರೋಸ್ ಇದೆ. ಆದರೆ ಅದಕ್ಕೆ ಬಿಸಿಲು ಬೇಕು, ಮನೆಯೊಳಗೆ ಹೂ ಬಿಡದು.

ಸಸಿಗಳು ಒಂದೆರಡು ಸೆಂಟಿಮೀಟರ್ ಆದ ಮೇಲೆ ಮುಚ್ಚಳವನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಸರಿಸುತ್ತಾ ಎರಡು ವಾರದಲ್ಲಿ ಪೂರ್ತಿ ತೆಗೆಯಿರಿ. ತೂಗುಕುಂಡಕ್ಕೆ ಒಂದೇ ಸಸಿ ನೆಡಬೇಡಿ, ನಾಲ್ಕು ಇಂಚಿನ ಕುಂಡಕ್ಕೆ ಐದಾರು ಒಟ್ಟಿಗೆ ನೆಡಿ. ಮಣ್ಣನ್ನು ಅಂಚಿಗಿಂತ ಅರ್ಧ ಇಂಚು ಕೆಳಗಿನವರೆಗೆ ತುಂಬಿ. ಮಣ್ಣು ತೀರಾ ಕೆಳಗಿದ್ದರೆ ಬಳ್ಳಿಯ ಬುಡಕ್ಕೆ ಗಾಳಿ, ಬೆಳಕು ಎರಡೂ ಸಿಗದೆ ಅದು ಅಲ್ಲೇ ಕೊಳೆಯುತ್ತದೆ. ಬಳ್ಳಿ ಅಂಚು ದಾಟಿ ಇಳಿಯುವಾಗ ತುದಿ ಚಿವುಟಿ, ಎರಡು ಕವಲು ಬರುತ್ತದೆ. ಚಿವುಟಿದ ತುದಿಯನ್ನು ಅದೇ ಮಣ್ಣಿನ ಮೇಲೆ ಮಲಗಿಸಿ, ಬೇರು ಬಿಡುತ್ತದೆ.